ವಿಳಾಸ: ಪಾತ್ರೆ ಅಂಗಡಿ, ಸೊರಬ

ಈಚೆಗೆ ನಮ್ಮ ಅಂಗಡಿಗೆ ವ್ಯಾಪಾರ ಬರುವುದು ಕಡಿಮೆ, ಪ್ರಸಂಗಗಳು ಬರುವುದು ಜಾಸ್ತಿ. ಬೆಳಿಗ್ಗೆ ಬಾಗಿಲು ತೆಗೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಗಲ್ಲಾದ ಮುಂದೆ ಕೂತರೆ ಬೋಣಿ ಆಗುವುದಕ್ಕೆ ಮುಂಚೆ ನಗುವಂಥದ್ದು ಒಂದಾದರೂ ನಡೆದಿರುತ್ತದೆ. ಕೆಲವು ದಿನ ಸಂಜೆವರೆಗೂ ಬೋಣಿಯೇ ಆಗುವುದಿಲ್ಲ, ನಗು ಮಾತ್ರ ಆಗಿರುತ್ತದೆ. ನಗುವನ್ನು ತಕ್ಕಡಿಗೆ ಹಾಕಿ ಮಾರುವ ಹಾಗಿದ್ದರೆ ನಾನು ಈ ವೇಳೆಗೆ ಸ್ವಂತ ಕಟ್ಟಡ ಕಟ್ಟಿಸಿರುತ್ತಿದ್ದೆ.

ಸ್ವಂತ ಕಟ್ಟಡ ಇಲ್ಲದ್ದರಿಂದಲೇ ಈ ಕಥೆ.

ನಮ್ಮದು ಪಾತ್ರೆ ವ್ಯಾಪಾರ. ಶಿಕಾರಿಪುರದ ಪೇಟೆಯಲ್ಲಿರುವುದು ಅಪ್ಪ ಇಟ್ಟ ಅಂಗಡಿ, ಈಗ ತಮ್ಮ ನಡೆಸುತ್ತಾನೆ. ಸೊರಬದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿರುವುದು ನಾನು ಇಟ್ಟದ್ದು. ಸಂತೆಯ ದಿನ ಸೊರಬದ ಅಂಗಡಿ ಹೆಂಡತಿಗೆ ಬಿಟ್ಟು, ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿ ತಮ್ಮನ ನೆರವಿಗೆ ಹೋಗುತ್ತೇನೆ. ಅಲ್ಲಿ ಗಲ್ಲಾದ ಮುಂದೆ ಅವನು, ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಾನು. ವಾರಕ್ಕೊಂದು ದಿನ ಆ ಸ್ಟೂಲಿನ ಮೇಲೆ ಕೂತರೆ ಅಣ್ಣ ಸಹಾಯಕ್ಕೆ ಬಂದಿದ್ದಾನೆ ಅನ್ನುತ್ತಾರೆ. ದಿನಾ ಕೂತರೆ ಅದಕ್ಕೆ ಜನ ಇಡುವ ಹೆಸರೇ ಬೇರೆ.

ಈ ಸಲ ಮದುವೆ ಸೀಸನ್ ಶುರುವಾಗುವ ಹೊತ್ತಿಗೆ ಸೊರಬದ ಕಟ್ಟಡದ ಮಾಲೀಕರು ಬಂದು ಕೂತರು. ಕಾಫಿ ಕುಡಿದರು. ಲೋಟ ಕೆಳಗಿಟ್ಟು, "ಸಾವ್ಕಾರ್ರೆ, ಬೇರೆ ಒಬ್ರು ಈ ಮಳಿಗೆ ಕೇಳ್ತಾ ಇದಾರೆ. ನಿಮ್ಮನ್ನ ಬಿಡಿ ಅನ್ನಕ್ಕೆ ನಂಗೆ ಬಾಯಿ ಬರಲ್ಲ ಮಾರಾಯ್ರೆ," ಅಂದರು.

"ಬರದಿದ್ರೆ ಬಿಡಿ," ಅಂದೆ.

"ಅದಕ್ಕೇ ನೀವೇ ಹೇಳಿಬಿಡಿ ಅಂತ ಬಂದೆ."

ಮದುವೆ ಸೀಸನ್ ಮುಗಿಯಲಿ ಅಂದೆ. ವ್ಯಾಪಾರ ಎದ್ದರೆ ಇರುತ್ತೇನೆ, ಏಳದಿದ್ದರೆ ನಾನೇ ಬಂದು ಕೀಲಿ ಕೊಡುತ್ತೇನೆ. ಅವರು ತಲೆಯಾಡಿಸಿ ಹೋದರು. ಒಳಗಿನಿಂದ ಹೆಂಡತಿ, "ಅಷ್ಟರಲ್ಲಿ ಪಾತ್ರೆ ಮಾರ್ರಿ. ಬಂದವರ ಕಥೆ ಕೇಳ್ತಾ ಕೂರಬೇಡಿ," ಅಂದಳು.

ನಾನು ಕಥೆ ಕೇಳಲು ಹೋಗಲಿಲ್ಲ. ಅವೇ ನಡೆದುಕೊಂಡು ಬಂದವು.

ಸೋದರಮಾವನ ಹಂಡೆ

ಮೊದಲು ಒಂದು ಮಾತು. ನಮ್ಮ ಕಡೆ ಮದುವೆಗೆ ಪಾತ್ರೆ ಕೊಟ್ಟರೆ ಅದರ ಮೇಲೆ ಹೆಸರಿರಬೇಕು. ಹೆಸರಿಲ್ಲದ ಪಾತ್ರೆ ಕೊಟ್ಟವರು ಕೊಟ್ಟ ಲೆಕ್ಕಕ್ಕೇ ಬರುವುದಿಲ್ಲ. ನಾಳೆ ಅವರ ಮನೆಯ ಮದುವೆಗೆ ಮುಯ್ಯಿ ತೀರಿಸುವಾಗ ಯಾರು ಏನು ಕೊಟ್ಟಿದ್ದರು ಅಂತ ಅಟ್ಟದ ಮೇಲಿನ ಪಾತ್ರೆ ತಿರುಗಿಸಿ ನೋಡುತ್ತಾರೆ. ಹಾಗಾಗಿ ಪಾತ್ರೆ ಅಂಗಡಿ ಅಂದರೆ ಹೆಸರು ಕೊರೆಯುವ ಅಂಗಡಿಯೂ ಹೌದು. ಅಪ್ಪ ಉಳಿ ಇಟ್ಟು ಸುತ್ತಿಗೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತಿದ್ದರು. ನನ್ನ ಹತ್ತಿರ ಪೆನ್ನಿನಂಥ ಕರೆಂಟಿನ ಮಷಿನ್ ಇದೆ. ನಮ್ಮಲ್ಲಿ ಕೊಂಡ ಪಾತ್ರೆಗೆ ಹೆಸರು ಪುಕ್ಕಟೆ, ಹೊರಗಿನದಕ್ಕೆ ಅಕ್ಷರಕ್ಕಿಷ್ಟು.

ಜಡೆ ಊರಿನ ಕಡೆಯವರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಅಕ್ಕನ ಮಗಳ ಮದುವೆ, ಸೋದರಮಾವನ ಕಡೆಯಿಂದ ತಾಮ್ರದ ಹಂಡೆ ಹೋಗಬೇಕು. ದೊಡ್ಡ ಹಂಡೆ ಇಳಿಸಿದೆ. ಅವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಮಗಳು ಮೇಲಿಂದ, ಕೆಳಗಿಂದ, ಮಗ್ಗುಲಿಂದ ಫೋಟೋ ತೆಗೆದಳು. ನಾನು ಬೆಳಕು ಬೀಳಲಿ ಅಂತ ಟ್ಯೂಬ್‌ಲೈಟ್ ಬೇರೆ ಹಾಕಿಕೊಟ್ಟೆ.

"ಮನೇಲಿ ತೋರಿಸಿ ಬರ್ತೀವಿ ಸಾವ್ಕಾರ್ರೆ."

ಮುಂದಿನ ವಾರ ಬಂದರು. ಕೈಯಲ್ಲಿ ಬಟ್ಟೆ ಚೀಲ. ಅದರೊಳಗಿಂದ ಒಂದು ರಟ್ಟಿನ ಡಬ್ಬ, ಡಬ್ಬದೊಳಗೆ ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನೊಳಗೆ ತಾಮ್ರದ ಹಂಡೆ. ಕಂಠ, ಕಿವಿ, ಬಳೆ ಎಲ್ಲ ಸರಿಯಾಗಿತ್ತು. ಎತ್ತರ ಮಾತ್ರ ಕಾಫಿ ಲೋಟದಷ್ಟು. ಶೋಕೇಸಿನಲ್ಲಿ ಇಡುವ ಹಂಡೆ.

"ಮೊಬೈಲ್‌ನಲ್ಲಿ ದೊಡ್ಡದಿತ್ತು ಮಾರಾಯ್ರೆ," ಅಂದರು.

"ಫೋಟೋದಲ್ಲಿ ಪಕ್ಕದಲ್ಲಿ ಏನಿತ್ತು?"

"ಏನೂ ಇರ್ಲಿಲ್ಲ. ಹಂಡೆ ಒಂದೇ ಇತ್ತು."

"ಒಂದೇ ಇದ್ದರೆ ಎಲ್ಲಾದೂ ದೊಡ್ಡದೇ ಕಾಣೋದು," ಅಂದೆ. ಅಂದ ಮೇಲೆ ಖಾಲಿ ಅಂಗಡಿಯಲ್ಲಿ ಒಬ್ಬನೇ ಕೂತ ನನಗೂ ಆ ಮಾತು ತಾಗುತ್ತದೆ ಅನ್ನಿಸಿತು. "ದೊಡ್ಡದು ಇಲ್ಲೇ ಇದೆ ನೋಡಿ, ಹೋದ ವಾರ ನೀವು ಸುತ್ತು ಹಾಕಿದ್ದು."

"ಇನ್ನೊಂದು ಯಾಕೆ ಬಿಡಿ, ಒಂದು ತಗಂಡಾಯ್ತಲ್ಲ. ಇದಕ್ಕೇ ಹೆಸರು ಹಾಕಿಕೊಡಿ." ಅಂತ ಹೇಳಿ ಅವರು ಶುರುಮಾಡಿದ ಒಕ್ಕಣೆಯಲ್ಲಿ ಮದುಮಗಳ ಹೆಸರು, ಮದುಮಗನ ಹೆಸರು, ಇವರ ಹೆಸರು, ಊರು, 'ಮತ್ತು ಕುಟುಂಬದವರ ಪ್ರೀತಿಯ ಉಡುಗೊರೆ' ಎಲ್ಲ ಇತ್ತು. ನಾನು ಆ ಹಂಡೆಯನ್ನು ಅಂಗೈ ಮೇಲಿಟ್ಟು ತೋರಿಸಿದೆ.

"ಇದರಲ್ಲಿ ಅಷ್ಟು ಹಿಡಿಯಲ್ಲ. ಹುಡುಗಿ ಹೆಸರು ಹಾಕಿದ್ರೆ ನಿಮ್ಮದು ಬಿಡಬೇಕು, ನಿಮ್ಮದು ಹಾಕಿದ್ರೆ ಹುಡುಗೀದು ಬಿಡಬೇಕು."

ಅವರು ಬಹಳ ಹೊತ್ತು ರಸ್ತೆ ನೋಡಿದರು. ಕೊನೆಗೆ, "ನಂದೇ ಹಾಕಿ. ಹುಡುಗಿ ಯಾರು ಅಂತ ಮದುವೆ ಮನೇಲಿ ಎಲ್ರಿಗೂ ಗೊತ್ತಿರುತ್ತೆ," ಅಂದರು.

ಮಾತಾಡುವ ಡಬ್ಬಿ

ಇದು ಶಿಕಾರಿಪುರದ್ದು. ಸಂತೆಯ ದಿನ. ತಮ್ಮ ಗಲ್ಲಾದ ಪಕ್ಕ ಒಂದು ಡಬ್ಬಿ ಇಟ್ಟಿದ್ದಾನೆ. ಗಿರಾಕಿ ಮೊಬೈಲಿನಿಂದ ದುಡ್ಡು ಹಾಕಿದರೆ, ಎಷ್ಟು ಬಂತು ಅಂತ ಆ ಡಬ್ಬಿ ಒಂದು ಹೆಣ್ಣುದನಿಯಲ್ಲಿ ಕೂಗಿ ಹೇಳುತ್ತದೆ. ಸಂತೆಯ ಗದ್ದಲದಲ್ಲೂ ಕೇಳಲಿ ಅಂತ ಅವನು ಸದ್ದು ಪೂರ್ತಿ ಏರಿಸಿದ್ದ.

ಪಾತ್ರೆ ವ್ಯಾಪಾರದಲ್ಲಿ ಎಲ್ಲರಿಗೂ ಒಂದೇ ರೇಟು ಅನ್ನುವುದು ಇಲ್ಲ. ಚೌಕಾಸಿ ಮಾಡಿದವರಿಗೆ ಕೊನೆಯಲ್ಲಿ ಹತ್ತಿರ ಕರೆದು, "ನಿಮಗೆ ಅಂತ ಇಷ್ಟಕ್ಕೆ ಕೊಡ್ತಿದೀನಿ, ಯಾರಿಗೂ ಹೇಳಬೇಡಿ," ಅಂತ ಪಿಸುಗುಟ್ಟುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಎಲ್ಲರಿಗೂ ತಮಗೊಬ್ಬರಿಗೇ ಕಡಿಮೆ ಸಿಕ್ಕಿತು ಅನ್ನುವ ಸಂತೋಷ ಇರುತ್ತದೆ. ಅಂಗಡಿಯಿಂದ ಅಷ್ಟು ಸಂತೋಷ ಕೊಡುವುದು ಧರ್ಮ.

ಅವತ್ತು ಉಡುತಡಿಯ ಇಬ್ಬರು ಬಂದಿದ್ದರು, ಕುರಿ ಸಾಕುವವರು, ಚಿಕ್ಕಪ್ಪ ಮತ್ತು ಅಣ್ಣನ ಮಗ. ಬೇರೆ ಬೇರೆ ಮನೆ, ಬೇರೆ ಬೇರೆ ಮದುವೆ, ಒಂದೇ ಅಳತೆಯ ಒಂದೊಂದು ಕೊಪ್ಪರಿಗೆ. ಚಿಕ್ಕಪ್ಪ ನೋಟು ಎಣಿಸಿ ಕೊಟ್ಟು, ತಮ್ಮನ ಪಿಸುಮಾತು ಕೇಳಿ ಮೀಸೆಯಲ್ಲೇ ನಕ್ಕು, ಹೊರಗೆ ಕೊಪ್ಪರಿಗೆಯನ್ನು ಬೈಕಿಗೆ ಬಿಗಿಯುತ್ತಿದ್ದ. ಒಳಗೆ ಅಣ್ಣನ ಮಗ ಇನ್ನೂ ಜಗ್ಗಾಡಿ, ಇನ್ನೂ ಕೆಳಗಿಳಿಸಿ, ಪಿಸುಮಾತು ಕೇಳಿಸಿಕೊಂಡು, ಮೊಬೈಲ್ ತೆಗೆದು ದುಡ್ಡು ಹಾಕಿದ.

ಡಬ್ಬಿ ಪಿಸುಗುಟ್ಟುವುದನ್ನು ಕಲಿತಿರಲಿಲ್ಲ. ಇಡೀ ಬೀದಿಗೆ ಕೇಳುವ ಹಾಗೆ, ಒಂದು ರೂಪಾಯಿಯೂ ಬಿಡದೆ ಹೇಳಿತು.

ಹೊರಗೆ ಹಗ್ಗ ಬಿಗಿಯುವುದು ನಿಂತಿತು. ಚಿಕ್ಕಪ್ಪ ಒಳಗೆ ಬಂದ. "ಏನ್ರಿ ಸಾವ್ಕಾರ್ರೆ, ಯಾರಿಗೂ ಹೇಳಬ್ಯಾಡ ಅಂದಿದ್ರಿ. ನಾನಂತೂ ಹೇಳಿಲ್ಲ. ನೀವೇ ಮೈಕ್ ಹಚ್ಚಿ ಹೇಳ್ತೀರಲ್ಲ."

ತಮ್ಮನ ಮುಖ ಬಿಳಿಚಿತು. "ಅದು ಡಬ್ಬಿ ತಪ್ಪು ಹೇಳ್ತು ಯಜಮಾನ್ರೆ. ಒಂದೊಂದು ಸಲ ಹಂಗೆ ಆಗುತ್ತೆ," ಅಂದ.

ಚಿಕ್ಕಪ್ಪ ಡಬ್ಬಿಯನ್ನು ಒಂದು ಸಲ ನೋಡಿದ, ನಮ್ಮಿಬ್ಬರನ್ನು ಒಂದು ಸಲ ನೋಡಿದ. "ಅದ್ಯಾಕೆ ಸುಳ್ಳು ಹೇಳ್ತತಿ ಬಿಡ್ರಿ. ಅದಿನ್ನೂ ವ್ಯಾಪಾರ ಕಲ್ತಿಲ್ಲ."

ಪಾರ್ಸೆಲ್ಲುಗಳು

ಸೊರಬದಿಂದ ಒಳಗಿನ ಹಳ್ಳಿಗಳಿಗೆ ಕೊರಿಯರ್‌ನವನು ಹೋಗುವುದಿಲ್ಲ. ಪೇಟೆಯಲ್ಲೇ ನಿಂತು ಫೋನ್ ಮಾಡುತ್ತಾನೆ. ಹಳ್ಳಿಯವರು ಆ ಕಡೆಯಿಂದ, "ಬಸ್‌ಸ್ಟ್ಯಾಂಡ್ ರಸ್ತೆ ಪಾತ್ರೆ ಅಂಗಡೀಲಿ ಕೊಟ್ಟಿರಿ, ಸಾಯಂಕಾಲ ತಗೋತೀವಿ," ಅನ್ನುತ್ತಾರೆ. ಮೊದಲು ಒಂದು ಬಂತು. ಪರಿಚಯದವರದ್ದು, ಬೇಡ ಅನ್ನಲಾಗಲಿಲ್ಲ. ಆಮೇಲೆ ನಾಲ್ಕಾರು ಬಂದವು. ಆಮೇಲೆ ಜನ ಆರ್ಡರ್ ಹಾಕುವಾಗಲೇ ವಿಳಾಸದಲ್ಲಿ 'ಪಾತ್ರೆ ಅಂಗಡಿ, ಸೊರಬ' ಅಂತ ಬರೆಯಲು ಶುರುಮಾಡಿದರು. ಬೋಣಿ ಆಗುವ ಮೊದಲು ಪಾರ್ಸೆಲ್ ಬರುತ್ತಿತ್ತು. ಕುಕ್ಕರ್ ಜೋಡಿಸಿದ ಹಲಗೆಯ ಮುಂದೆ ಬೇರೆಯವರ ಕುಕ್ಕರಿನ ಡಬ್ಬಗಳು ನಿಂತು ನನ್ನ ಕುಕ್ಕರನ್ನು ಮುಚ್ಚಿದವು.

ವಸ್ತು ತೆಗೆದುಕೊಳ್ಳಲು ಬಂದವರಲ್ಲಿ ಯಾರಾದರೂ ಒಂದು ಸೌಟಾದರೂ ಕೊಂಡಾರು ಅಂತ ನಾನು ಲೆಕ್ಕ ಹಾಕಿದ್ದೆ. ಅವರು ನೀರು ಕೇಳಿ ಕುಡಿದು ಹೋಗುತ್ತಿದ್ದರು.

ಒಂದು ದಿನ ಒಬ್ಬ ಹೆಂಗಸಿನ ಫೋನ್. "ಅಣ್ಣಾ, ನಂದೊಂದು ಕಡಾಯಿ ಬಂದಿದೆಯಂತಲ್ಲ. ಕೊರಿಯರ್‌ನವನು ಇನ್ನೂ ಅಲ್ಲೇ ಇದ್ರೆ ಸ್ವಲ್ಪ ಬಿಚ್ಚಿ ನೋಡಿ, ಗಟ್ಟಿ ಇದೆಯಾ ಹೇಳಿ. ಇಲ್ಲಾಂದ್ರೆ ಈಗಲೇ ವಾಪಸ್ ಕಳಿಸಿಬಿಡ್ತೀನಿ. ನಿಮಗೆ ಗೊತ್ತಾದಷ್ಟು ನಂಗೆ ಗೊತ್ತಾಗಲ್ಲ."

ಬಿಚ್ಚಿದೆ. ಕಿವಿ ಹಿಡಿದು ಎತ್ತಿ ಗೆಣ್ಣಿನಿಂದ ತಟ್ಟಿದೆ. ಪಾತ್ರೆಯ ಜಾತಕ ಆ ಸದ್ದಿನಲ್ಲಿರುತ್ತದೆ. ತೆಳುವಾದದ್ದು ಚಿಲ್ಲರೆ ಬಿದ್ದ ಹಾಗೆ ಕಿಣಿಗುಟ್ಟುತ್ತದೆ, ಗಟ್ಟಿಯಾದದ್ದು ಗಂಟಲಿನಿಂದ ಮಾತಾಡುತ್ತದೆ. ಇದು ಗಂಟಲಿನಿಂದ ಮಾತಾಡಿತು.

"ಚೆನ್ನಾಗಿದೆ ತಾಯಿ. ಗಟ್ಟಿ ಮಾಲು. ಇಟ್ಕೊಳ್ಳಿ," ಅಂದೆ.

ಫೋನ್ ಇಟ್ಟ ಮೇಲೆ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. "ತೆಳು ಅಂದಿದ್ರೆ ಅವಳು ನಾಳೆ ಇಲ್ಲೇ ಬಂದು ತಗೋತಿದ್ಲು. ಒಂದು ಸುಳ್ಳು ಹೇಳಕ್ಕೆ ಆಗ್ಲಿಲ್ವೇನ್ರೀ? ಜೀವಮಾನ ಎಲ್ಲಾ ಹೇಳಿಲ್ವಾ?"

"ಅದೆಲ್ಲ ನನ್ನ ಮಾಲಿನ ಬಗ್ಗೆ ಹೇಳಿದ್ದು ಕಣೇ," ಅಂದೆ. "ಬೇರೆಯವರ ಮಾಲಿನ ಬಗ್ಗೆ ಸುಳ್ಳು ಹೇಳಿ ನನಗೆ ಅಭ್ಯಾಸ ಇಲ್ಲ."

ರಾಜರ ಕಾಲದ ತಂಬಿಗೆ

ಕುಬಟೂರಿನ ಒಬ್ಬರು ಮೇಡಂ, ಶಾಲೆಯಲ್ಲಿ ಕೆಲಸ. ನಮ್ಮ ಹಳೇ ಗಿರಾಕಿ. ಅವರ ಪಾರ್ಸೆಲ್ಲೂ ನಮ್ಮಲ್ಲೇ ಇಳಿದಿತ್ತು. ಬಂದು ನಮ್ಮೆದುರೇ ಬಿಚ್ಚಿದರು. ಒಳಗೆ ಕಪ್ಪಿಟ್ಟ ಒಂದು ಹಿತ್ತಾಳೆ ತಂಬಿಗೆ. ದಿಲ್ಲಿಯಿಂದ ಬಂದದ್ದು. ಹಳೇ ಕಾಲದ ವಸ್ತು ಮಾರುವವರಂತೆ, ರಾಜರ ಮನೆತನದ್ದಂತೆ. ಕೊಟ್ಟ ಬೆಲೆಯನ್ನು ಅವರು ಹೆಮ್ಮೆಯಿಂದ ಹೇಳಿದರು. ಅಷ್ಟಕ್ಕೆ ನಾನು ಒಂದು ಮದುವೆಯ ಪಾತ್ರೆ ಪೂರ್ತಿ ಕೊಡುತ್ತಿದ್ದೆ.

"ನೋಡಿ ಇಲ್ಲಿ, ಕಂಠದ ಹತ್ರ ಏನೋ ಬರಹ ಇದೆ. ನಮ್ಮೂರ ದೇವಸ್ಥಾನದ ಶಾಸನದ ತರಹ ಇಲ್ವಾ? ಇದನ್ನ ಸ್ವಲ್ಪ ಉಜ್ಜಿ ಬೆಳಗಿಸಿ ಕೊಡ್ತೀರಾ? ಪಕ್ಕದಲ್ಲಿ ಸಣ್ಣದಾಗಿ ನನ್ನ ಹೆಸರು ಹಾಕಿ."

ಹೆಂಡತಿ ಹುಣಸೆಹಣ್ಣು ತಂದಳು. ಉಜ್ಜಿದೆ. ಕಪ್ಪು ಬಿಡುತ್ತಾ ಬಂದ ಹಾಗೆ ಚುಕ್ಕಿಗಳು ಕಂಡವು. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದ ಚುಕ್ಕಿ, ಎಲ್ಲ ಅಕ್ಷರವೂ ಸ್ವಲ್ಪ ಬಲಕ್ಕೆ ವಾಲಿದ್ದು. ಆ ವಾಲು ನನಗೆ ಗೊತ್ತು. ಅಪ್ಪನ ಕೈ. ಇನ್ನೂ ಉಜ್ಜಿದೆ. ಹೆಸರು ಬಂತು, ಹೆಸರಿನ ಮುಂದೆ 'ಕುಬಟೂರು' ಅಂತ ಊರೂ ಬಂತು.

"ಮೇಡಂ, ನಿಮ್ಮ ಅತ್ತೆಯವರ ಹೆಸರೇನು?" ಅಂತ ಕೇಳಿದೆ.

ಹೇಳಿದರು. ತಂಬಿಗೆ ತಿರುಗಿಸಿ ತೋರಿಸಿದೆ.

ಅವರಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಳೆದ ವರ್ಷ, ತೀರಿಹೋಗುವ ಮುಂಚೆ, ಅತ್ತೆ ಮನೆಯ ಹಿತ್ತಾಳೆಯನ್ನೆಲ್ಲ ಗೋಣಿಚೀಲದಲ್ಲಿ ತುಂಬಿಸಿ ತಂದು, ತೂಕಕ್ಕೆ ಹಾಕಿ, ನಮ್ಮಲ್ಲೇ ಸ್ಟೀಲ್ ಪಾತ್ರೆ ಒಯ್ದಿದ್ದರು. ಹಿತ್ತಾಳೆ ತೊಳೆಯುವವರು ಯಾರು ಅಂದಿದ್ದರು. ನಾನು ಆ ಲೋಡನ್ನು ದಾವಣಗೆರೆಯ ಗುಜರಿಯವರಿಗೆ ಕಳಿಸಿದ್ದೆ. ಅಲ್ಲಿಂದ ಅದು ನಾನು ನೋಡದ ಊರೆಲ್ಲ ನೋಡಿ, ದಿಲ್ಲಿಯಲ್ಲಿ ರಾಜರ ಮನೆ ಸೇರಿ, ವಿಮಾನದಲ್ಲೋ ರೈಲಿನಲ್ಲೋ ಕೂತು, ತನ್ನ ಮನೆಗೆ ಬಂದಿತ್ತು. ಹೋಗುವಾಗ ಗುಜರಿಯ ಬೆಲೆ, ಬರುವಾಗ ರಾಜರ ಬೆಲೆ. ಮಧ್ಯದವರು ಮಾಡಿದ ಲಾಭ ನೆನೆದು ನನಗೆ ಆ ರಾತ್ರಿ ಊಟ ಸೇರಲಿಲ್ಲ. ನನ್ನ ಕೈಯಲ್ಲೇ ಇದ್ದ ಮಾಲು.

ಮೇಡಂ ತಂಬಿಗೆ ಹಿಡಿದುಕೊಂಡು ಆ ಹೆಸರಿನ ಮೇಲೆ ಬೆರಳಾಡಿಸಿದರು. ಕಣ್ಣಲ್ಲಿ ಸ್ವಲ್ಪ ನೀರು ಬಂದ ಹಾಗಿತ್ತು.

"ಈ ಹೆಸರು ಅಳಿಸೋದು ಬೇಡ ಅಲ್ವಾ?" ಅಂದೆ.

"ಬೇಡ. ಇರಲಿ. ಪಾಪ."

"ನಿಮ್ಮ ಹೆಸರು ಇದರ ಕೆಳಗೆ ಹಾಕ್ತೀನಿ. ಅಲ್ಲಿ ಜಾಗ ಇದೆ."

ಅವರು ಕಣ್ಣು ಒರೆಸಿಕೊಂಡರು. "ಕೆಳಗೆ ಬೇಡ. ಅವರಿದ್ದಷ್ಟು ದಿನ ಕೆಳಗೇ ಇದ್ದೆ. ಮೇಲೆ ಎಲ್ಲಾದರೂ ಜಾಗ ಮಾಡಿ."

ಮನೆಯ ಪಾರ್ಸೆಲ್

ಸೀಸನ್ ಅರ್ಧ ಕಳೆಯಿತು. ಮದುವೆಗಳೇನೋ ಜೋರಾಗಿ ನಡೆಯುತ್ತಿದ್ದವು. ಕಲ್ಯಾಣಮಂಟಪಗಳು ಖಾಲಿ ಇರಲಿಲ್ಲ. ನನ್ನ ಕೊರೆಯುವ ಮಷಿನ್ನೂ ಖಾಲಿ ಇರಲಿಲ್ಲ. ಹೊರಗಿನ ಪಾತ್ರೆಗೆ ಹೆಸರು ಕೊರೆದು ಕೊರೆದು ಹೆಬ್ಬೆರಳು ಜೋಮು ಹಿಡಿಯುತ್ತಿತ್ತು. ಆದರೆ ಅಕ್ಷರದ ದುಡ್ಡಿನಲ್ಲಿ ಮಳಿಗೆಯ ಬಾಡಿಗೆ ಹುಟ್ಟುವುದಿಲ್ಲ. ಅದು ನನಗೂ ಗೊತ್ತು, ಹೆಂಡತಿಗೂ ಗೊತ್ತು. ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಒಂದು ಬೆಳಿಗ್ಗೆ ಬಂದ ಪಾರ್ಸೆಲ್ಲುಗಳನ್ನು ಊರಿನ ಪ್ರಕಾರ ಬೇರೆ ಮಾಡುತ್ತಿದ್ದೆ. ಜಡೆಯದ್ದು ಒಂದು ಕಡೆ, ಕುಬಟೂರಿನದ್ದು ಒಂದು ಕಡೆ. ಒಂದು ಡಬ್ಬದ ಮೇಲೆ ನನ್ನ ಹೆಂಡತಿಯ ಹೆಸರು. ಅಲ್ಲಾಡಿಸಿದೆ. ಒಳಗಿನ ಸದ್ದು ಕೇಳಿದ ಕೂಡಲೇ ಗೊತ್ತಾಯಿತು. ಇಡ್ಲಿ ಪಾತ್ರೆ.

ಅವಳನ್ನು ಕರೆದೆ. ತಲೆಯ ಮೇಲಿನ ಹಲಗೆ ತೋರಿಸಿದೆ. ಅಲ್ಲಿ ಇಡ್ಲಿ ಪಾತ್ರೆಗಳು ಸಾಲಾಗಿ ಕೂತಿದ್ದವು, ದೊಡ್ಡದು, ನಡುವಿನದು, ಸಣ್ಣದು.

"ಏನೇ ಇದು? ನಮ್ಮ ಅಂಗಡೀಲಿ ಇಲ್ವಾ?"

"ಇದೆ."

"ಮತ್ತೆ?"

"ರೀ, ನಾನು ಈ ಮನೆಗೆ ಬಂದಾಗಿನಿಂದ ನೀವು ಅಂಗಡಿಯಿಂದ ಅಡಿಗೆಮನೆಗೆ ತಂದ ಪಾತ್ರೆ ಒಂದೊಂದೂ ಹೇಳ್ಲಾ? ಕಿವಿ ಮುರಿದ ಬಾಣಲೆ. ಲಾರೀಲಿ ತಗ್ಗು ಬಿದ್ದ ಕೊಳಗ. ಮುಚ್ಚಳ ಒಂದು ಸೆಟ್ಟು, ಪಾತ್ರೆ ಒಂದು ಸೆಟ್ಟು. ಗಿರಾಕಿ ಬೇಡ ಅಂತ ವಾಪಸ್ ಕೊಟ್ಟಿದ್ದೆಲ್ಲ ನಮ್ಮನೇಲಿದೆ. ಒಂದು ಇಡ್ಲಿ ಪಾತ್ರೆ ಬೇಕು ಅಂದ್ರೆ 'ಇರು, ಯಾವುದಾದ್ರೂ ಮಾರಾಟ ಆಗದ್ದು ಉಳೀಲಿ' ಅಂತ ಎಷ್ಟು ವರ್ಷದಿಂದ ಹೇಳ್ತಿದೀರಿ?"

ನಾನು ಹಲಗೆ ನೋಡಿದೆ. "ಈಗ ಎಲ್ಲಾನೂ ಉಳಿದಿದೆಯಲ್ಲ. ಇದರಲ್ಲೇ ಒಂದು ತಗೋಬಹುದಿತ್ತು."

"ತಗೋತಿದ್ದೆ. ಆದ್ರೆ ನಿಮ್ಮ ಹತ್ರ ತಗೊಂಡ್ರೆ ಇಷ್ಟ ಆಗದಿದ್ರೆ ವಾಪಸ್ ಕೊಡಕ್ಕೆ ಆಗಲ್ಲ," ಅಂದಳು. ಡಬ್ಬ ಬಿಚ್ಚುತ್ತಾ, "ನಾನು ನಿಮ್ಮನ್ನೇ ವಾಪಸ್ ಕೊಟ್ಟಿಲ್ಲ," ಅಂತ ಸೇರಿಸಿದಳು.

ಕೇಳಿದವರು ಯಾರು

ಸೀಸನ್ ಮುಗಿಯಿತು. ಹೇಳಿದ ಮಾತಿನಂತೆ ಮಾಲೀಕರ ಮನೆಗೆ ನಾನೇ ಹೋದೆ. ಅವರೂ ಕಾಫಿ ಕೊಟ್ಟರು.

"ಬಿಡ್ತೀನಿ," ಅಂದೆ. "ವ್ಯಾಪಾರ ಏಳಲಿಲ್ಲ."

ಅವರು ಬೇಜಾರು ಮಾಡಿಕೊಂಡರು. ನಿಜವಾಗಿಯೂ ಮಾಡಿಕೊಂಡರು, ಯಾಕೆಂದರೆ ಕಾಫಿಗೆ ಎರಡನೇ ಸಲ ಸಕ್ಕರೆ ಹಾಕಿಕೊಂಡರು. ಅವರಿಗೆ ಸಕ್ಕರೆ ಕಾಯಿಲೆ.

"ಅಂಗಡಿ ಕೇಳಿದವರು ಯಾರು? ಈಗಲಾದ್ರೂ ಹೇಳಬಹುದಲ್ಲ."

"ಕೊರಿಯರ್ ಕಂಪನಿಯವರು. ಈ ಕಡೆ ಒಂದು ಆಫೀಸ್ ಮಾಡ್ತಾರಂತೆ. ಊರೆಲ್ಲ ಬೇರೆ ಮಳಿಗೆ ತೋರಿಸಿದೆ ಸಾವ್ಕಾರ್ರೆ, ನಿಮ್ಮಾಣೆ. ಇದೇ ಬೇಕು ಅಂತ ಕೂತ್ರು."

"ಇದರಲ್ಲೇನಿದೆ ಅಂಥದ್ದು?"

"ನಾನೂ ಅದೇ ಕೇಳಿದೆ. ಸುತ್ತಲ ಹಳ್ಳಿಯವರಿಗೆಲ್ಲ ಈ ವಿಳಾಸ ಬಾಯಿಪಾಠ ಆಗಿದೆಯಂತೆ. ಯಾರೋ ಒಬ್ರು ಬಹಳ ದಿನದಿಂದ ಪುಕ್ಕಟೆಯಾಗಿ ಅಭ್ಯಾಸ ಮಾಡಿಸಿದಾರಂತೆ," ಅಂದರು ಮಾಲೀಕರು. ಆಮೇಲೆ ಆ ಒಬ್ಬರು ಯಾರು ಅಂತ ಅವರಿಗೆ ಹೊಳೆಯಿತು. ಎದ್ದು ಫ್ಯಾನ್ ಜೋರು ಮಾಡಿದರು.

ಕಾಣಿಕೆ

ಕೊನೆಯ ದಿನ. ಮಾಲು ಲಗೇಜ್ ಆಟೋ ಹತ್ತಿ ಶಿಕಾರಿಪುರಕ್ಕೆ ಹೋಗುತ್ತಿತ್ತು. ತಮ್ಮ ಫೋನ್ ಮಾಡಿ, "ಅಣ್ಣ, ನಿನಗೆ ಅಂತ ಬೆನ್ನಿಗೆ ಆಧಾರ ಇರೋ ಕುರ್ಚಿ ತರಿಸಿದೀನಿ," ಅಂದ. ಒಳ್ಳೆಯ ಮನಸ್ಸು. ಬೆನ್ನಿಗೆ ಆಧಾರ ಇದ್ದರೂ ಅದು ಗಲ್ಲಾದ ಪಕ್ಕದ್ದೇ. ಅಂಗಡಿಯಲ್ಲಿ ಉಳಿದದ್ದು ಸೂರಿನ ಕೊಕ್ಕೆಗೆ ತೂಗುಹಾಕಿದ ತಾಮ್ರದ ಬಿಂದಿಗೆಗಳು, ಕೊರೆಯುವ ಮಷಿನ್ನು, ದುಡ್ಡು ಕೂಗುವ ಡಬ್ಬಿ (ತಮ್ಮನ ಒತ್ತಾಯಕ್ಕೆ ನಾನೂ ಒಂದು ಇಟ್ಟಿದ್ದೆ), ಮತ್ತು ಪಾರ್ಸೆಲ್ಲುಗಳು. ಅವು ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ಪಕ್ಕದ ಅಂಗಡಿಯ ಟೈಲರ್ ಬಂದ. ಅಂಗಡಿ ಇಟ್ಟಾಗಿನಿಂದ ನೆರೆ, ನನ್ನ ಅಂಗಿಗಳನ್ನೆಲ್ಲ ಹೊಲಿದವನು. ಅವನ ಹಿಂದೆ ಎದುರಿನ ಬೇಕರಿಯವರು. ಅವರ ಹಿಂದೆ ಮೆಡಿಕಲ್ ಸ್ಟೋರಿನವರು ರಸ್ತೆಯಲ್ಲೇ ನಿಂತರು.

"ಸಾವ್ಕಾರ್ರೆ, ನನ್ನ ಹೆಸರಿಗೆ ಒಂದು ಪಾರ್ಸೆಲ್ ಬಂದಿರಬೇಕಲ್ಲ," ಅಂದ ಟೈಲರ್.

ಬಂದಿತ್ತು. ಮೊನ್ನೆಯೇ ನಾನೇ ಇಳಿಸಿಕೊಂಡು ಒಳಗಿಟ್ಟಿದ್ದೆ. ಕೊಟ್ಟೆ. ಬಿಚ್ಚಿದ. ತಾಮ್ರದ ಬಿಂದಿಗೆ.

"ಹೆಸರು ಹಾಕಿಕೊಡಬೇಕಿತ್ತು. ಮಷಿನ್ ಇನ್ನೂ ಕಟ್ಟಿಲ್ಲ ಅಲ್ವ?"

"ಇಲ್ಲ. ಹೇಳು."

"ಮೊದಲು ಕೆಳಗಿನ ಸಾಲು ಹಾಕಿ. ಬಸ್‌ಸ್ಟ್ಯಾಂಡ್ ರಸ್ತೆಯ ವರ್ತಕ ಬಂಧುಗಳಿಂದ ಪ್ರೀತಿಯ ಕಾಣಿಕೆ."

ಕೊರೆಯುತ್ತಾ ಲೆಕ್ಕ ಹಾಕಿದೆ. ಬಸ್‌ಸ್ಟ್ಯಾಂಡ್ ರಸ್ತೆಯ ವರ್ತಕರಲ್ಲಿ ಇವತ್ತು ಸಂಜೆವರೆಗೆ ನಾನೂ ಒಬ್ಬ. ನನ್ನನ್ನು ಒಂದು ಮಾತು ಕೇಳದೆ, ನನ್ನ ಪಾಲೂ ತೆಗೆದುಕೊಳ್ಳದೆ ಯಾರಿಗೆ ಕಾಣಿಕೆ ಕೊಡುತ್ತಿದ್ದಾರೆ? ನಾಳೆ ಬರುವ ಕೊರಿಯರ್ ಆಫೀಸಿನವರಿಗೆ ಇರಬೇಕು. ಹೊಸಬರನ್ನು ಬರಮಾಡಿಕೊಳ್ಳುವುದು ಒಳ್ಳೆಯದೇ, ನಾನು ಕೀಲಿ ಕೊಡುವವರೆಗಾದರೂ ಕಾಯಬಹುದಿತ್ತು. ಆದರೆ ಗಿರಾಕಿಯನ್ನು ಹಾಗೆಲ್ಲ ಕೇಳುವುದು ವ್ಯಾಪಾರಕ್ಕೆ ಸರಿಯಲ್ಲ. ಸಾಲು ಮುಗಿಸಿ ಊದಿ ಒರೆಸಿದೆ.

"ಮೇಲೆ ಯಾರ ಹೆಸರು?"

ಟೈಲರ್ ಬೇಕರಿಯವರನ್ನು ನೋಡಿದ. ಬೇಕರಿಯವರು ಸೂರು ನೋಡಿದರು.

"ನಿಮ್ಮದೇ ಹಾಕ್ಕೊಳ್ಳಿ ಸಾವ್ಕಾರ್ರೆ," ಅಂದ ಟೈಲರ್.

ಮಷಿನ್ ಕೈಯಲ್ಲಿ ಝುಂಯ್ ಅನ್ನುತ್ತಲೇ ಇತ್ತು. ಆರಿಸಿದೆ. ವ್ಯಾಪಾರಿಗೆ ಮೊದಲು ಬರುವ ಮಾತೇ ನನಗೂ ಬಂತು.

"ಅಲ್ಲಯ್ಯಾ, ನೀನು ನಿಂತ ಜಾಗದಲ್ಲಿ ತಲೆ ಎತ್ತಿ ನೋಡು. ಅದೇ ಬಿಂದಿಗೆ, ಅದೇ ಅಳತೆ, ಸಾಲಾಗಿ ತೂಗ್ತಾ ಇದೆ. ನನ್ನ ಹತ್ರ ತಗೊಳ್ಳಕ್ಕೆ ಏನಾಗಿತ್ತು? ಹೆಸರೂ ಪುಕ್ಕಟೆ ಬರ್ತಿತ್ತು."

"ಅದನ್ನೇ ತಗೋಬೇಕು ಅಂತಿದ್ವಿ," ಅಂದರು ಬೇಕರಿಯವರು. "ಆದ್ರೆ ನಿಮ್ಮ ಹತ್ರ ತಗೊಂಡ್ರೆ ನಿಮಗೆ ಗೊತ್ತಾಗಿಬಿಡ್ತಿತ್ತಲ್ಲ ಮಾರಾಯ್ರೆ."

ಮಷಿನ್ ಮತ್ತೆ ಹಾಕಿದೆ. ನನ್ನ ಹೆಸರು ಕೊರೆದೆ. ತಾಲ್ಲೂಕಿನ ಅರ್ಧ ಜನರ ಹೆಸರು ಕೊರೆದಿದ್ದೇನೆ, ನನ್ನದನ್ನು ಕೊರೆದದ್ದು ಅದೇ ಮೊದಲು. ಅಕ್ಷರಗಳು ಸ್ವಲ್ಪ ಬಲಕ್ಕೆ ವಾಲಿದವು. ಮಷಿನ್ ಹಳೇದಾಗಿದೆ.

"ಕೊರೆದಿದ್ದಕ್ಕೆ ಎಷ್ಟಾಯ್ತು?" ಅಂತ ಟೈಲರ್ ಮಾತಿಗೆ ಕೇಳಿದ.

ಹೊರಗಿನ ಪಾತ್ರೆ, ಅಕ್ಷರಕ್ಕಿಷ್ಟು. ಲೆಕ್ಕ ಹಾಕಿ ಹೇಳಿದೆ. ಒಳಗೆ ಗಂಟು ಕಟ್ಟುತ್ತಿದ್ದ ಹೆಂಡತಿ ಹಣೆ ಚಚ್ಚಿಕೊಂಡದ್ದು ಕೇಳಿಸಿತು. ಟೈಲರ್ ಒಂದು ಕ್ಷಣ ನನ್ನ ಮುಖ ನೋಡಿದ, ಮೊಬೈಲ್ ತೆಗೆದು ದುಡ್ಡು ಹಾಕಿದ. ಖಾಲಿ ಅಂಗಡಿಯಾದ್ದರಿಂದ ಡಬ್ಬಿಯ ದನಿ ಎಂದಿಗಿಂತ ದೊಡ್ಡದಾಗಿ ಮೊಳಗಿತು. ರಸ್ತೆಯ ಆಚೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಸೊರಬದ ಅಂಗಡಿಯ ಕೊನೆಯ ವ್ಯಾಪಾರ ಅದು.

ಟೈಲರ್ ಬಿಂದಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟ. "ಫೋಟೋ ನೋಡಿ ತರಿಸಿದ್ದು. ಮಾಲು ಹೇಗಿದೆ ಅಂತ ನೀವೇ ಹೇಳಬೇಕು ಸಾವ್ಕಾರ್ರೆ. ನಮಗೇನು ಗೊತ್ತಾಗುತ್ತೆ."

ಮೂವರೂ ನನ್ನ ಬಾಯಿ ನೋಡುತ್ತಾ ನಿಂತರು. ಗೆಣ್ಣಿನಿಂದ ತಟ್ಟಿದೆ. ಚಿಲ್ಲರೆ ಬಿದ್ದ ಹಾಗೆ ಕಿಣಿಗುಟ್ಟಿತು. ಇಷ್ಟು ತೆಳುವಾದ ತಾಮ್ರವನ್ನು ನಾನು ನನ್ನ ಅಂಗಡಿಯ ಹೊಸ್ತಿಲು ದಾಟಿಸಿದವನಲ್ಲ.

"ಒಳ್ಳೇ ಗಟ್ಟಿ ಮಾಲು," ಅಂದೆ. "ಇಂಥದ್ದು ಈಗ ಸಿಗಲ್ಲ."

ಮೂವರ ಮುಖವೂ ಅರಳಿತು. ಕೈ ಮುಗಿದು, ಆಗಾಗ ಬರ್ತಿರಿ ಅಂತ ಹೇಳಿ ಹೋದರು. ಹೆಂಡತಿ ಒಳಗಿನಿಂದ ಬಂದು, ಬಿಂದಿಗೆಯನ್ನು ತಾನೂ ಒಂದು ಸಲ ತಟ್ಟಿ ನೋಡಿದಳು. ಇಷ್ಟು ವರ್ಷ ನನ್ನ ಜೊತೆ ಇದ್ದು ಅವಳಿಗೂ ಆ ಸದ್ದು ಗೊತ್ತಾಗುತ್ತದೆ.

"ಸುಳ್ಳು ಹೇಳಿ ಅಭ್ಯಾಸ ಇಲ್ಲ ಅಂದಿದ್ರಿ?"

"ಬೇರೆಯವರ ಮಾಲಿನ ಬಗ್ಗೆ ಇಲ್ಲ," ಅಂದೆ. "ಇದು ನಂದು ಕಣೇ. ನೋಡು, ಹೆಸರಿದೆ."